ಏಳನೆಯ ಭಾಗದ ಹನ್ನೆರಡು ಪುಟಗಳು

ಬನಹಟ್ಟಿ
೮ ಮಾರ್ಚ್ ೨೦೦೪, ಸೋಮವಾರ

ತಂಗಿ ನೇತ್ರಾ,

ನಿನ್ನ ಅವ್ವ ನಿನಗೆ ಬಾಗಿಲು ತೆರೆಯದೆ ಹೋದದ್ದು ನನ್ನಿಂದ. ನೀನು ಕಳಿಸಿದ ಪುಸ್ತಕದ ಹನ್ನೊಂದನೆಯ ಅಧ್ಯಾಯವನ್ನು ನಾನು ಇದ್ದಂತೆ ಓದಲಿಲ್ಲ. ಅದರಲ್ಲಿ ತಾಯಿ ಬಾಗಿಲು ತೆರೆಯುತ್ತಾಳೆ. ಆಕೆ ತೆರೆಯಲಿಲ್ಲ ಎಂದು ನಾನು ಓದಿದೆ. ಬೇಕೆಂದೇ ಓದಿದೆ.

ಇದನ್ನು ಮೊದಲೇ ಬರೆಯದಿದ್ದರೆ ಕ್ಷೇಮ ಸಮಾಚಾರದಲ್ಲೇ ಪುಟ ತುಂಬಿಸಿ ಅಂಚೆಗೆ ಹಾಕಿಬಿಡುತ್ತೇನೆ ಎಂಬ ಹೆದರಿಕೆ ಇತ್ತು. ಹಾಗೆ ಬರೆದು ಹರಿದುಹಾಕಿದ ಕಾಗದಗಳು ಈಗಾಗಲೇ ಮೂರಾಗಿವೆ. ನಿನ್ನ ಕಾಗದ ಬಂದು ಐದು ವಾರವಾಯಿತು. ಉತ್ತರ ತಡವಾದದ್ದಕ್ಕೆ ಕೆಲಸ, ಜ್ವರ, ಮಗ್ಗದ ರಿಪೇರಿ ಎಂದೆಲ್ಲ ಕಾರಣ ಹೇಳುವುದಿಲ್ಲ. ಅಂಜಿಕೆ, ಅಷ್ಟೇ.

ಈಗ ಕ್ಷೇಮ ಕೇಳುತ್ತೇನೆ. ಕಾಲಿನ ಬಾವು ಇಳಿದಿದೆಯೇ? ಬೀಳಗಿಯ ಡಾಕ್ಟರಬಾಯಿ ರಕ್ತ ಕಡಿಮೆ ಇದೆ, ಮನೆಯಲ್ಲಿ ಒಬ್ಬಳೇ ಇರಬೇಡ ಎಂದಿದ್ದಾಳೆಂದು ಬರೆದಿದ್ದೆ. ಗುಳಿಗೆ ತಪ್ಪಿಸುತ್ತಿಲ್ಲ ತಾನೇ? ದುರಗೇಶನಿಗೆ ಬಾಡಗಂಡಿಯ ಕಾರ್ಖಾನೆಯಲ್ಲಿ ಕಬ್ಬು ನುರಿಸುವುದು ಮುಗಿಯುವ ತನಕ ರಜೆ ಸಿಗುವುದಿಲ್ಲ ಎಂದೂ ಬರೆದಿದ್ದೆ. ನಿನ್ನ ಅತ್ತೆ ಇದ್ದಿದ್ದರೆ ಆ ಮಾತು ಬೇರೆ. ಅವರ ಊರು ಹಿನ್ನೀರಿನಲ್ಲಿ ಮುಳುಗಿ, ಆ ಪುನರ್ವಸತಿ ಕೇಂದ್ರದ ತಗಡಿನ ಮನೆಗೆ ಬಂದ ವರ್ಷವೇ ಆಕೆ ತೀರಿಕೊಂಡಳು. ಹೆರಿಗೆ ಏಪ್ರಿಲ್ ಮೊದಲ ವಾರವೆಂದರೆ ಇನ್ನು ನಾಲ್ಕೇ ವಾರ. ಚೊಚ್ಚಲ ಹೆರಿಗೆಗೆ ತವರು ಎನ್ನುವುದನ್ನು ನಾನು ಒಂದು ಕಾಲಕ್ಕೆ 'ಹಳೆಯ ಪದ್ಧತಿ' ಎಂದು ಮೂಗು ಮುರಿದಿದ್ದೆ. ನಿನ್ನ ಡಾಕ್ಟರಬಾಯಿಯ ಮಾತು ಓದಿದ ಮೇಲೆ ಆ ಮೂಗು ನೆಟ್ಟಗಾಗಿದೆ.

ಇವತ್ತು ಮಹಿಳಾ ದಿನ. ಜಮಖಂಡಿಯಲ್ಲಿ ನಾನು ಮಾತಾಡಬೇಕಿತ್ತು. 'ಹೊಸ್ತಿಲು ದಾಟಿದ ಹೆಣ್ಣು' ಎಂದು ಕರಪತ್ರವೂ ಅಚ್ಚಾಗಿತ್ತು. ಹೋಗಲಿಲ್ಲ. ನಾನೇ ಒಬ್ಬಳನ್ನು ಹೊಸ್ತಿಲಾಚೆ ನಿಲ್ಲಿಸಿ, ಯಾವ ಬಾಯಿಂದ ಮಾತಾಡಲಿ? ಈಗ ಕರೆಂಟ್ ಹೋಗಿದೆ, ಮಗ್ಗ ನಿಂತಿದೆ. ಅದು ಬರುವ ತನಕ ಬರೆಯುತ್ತೇನೆ.

ನಿನಗೆ ಗೊತ್ತಿಲ್ಲದ್ದನ್ನು ಮೊದಲಿನಿಂದ ಹೇಳಬೇಕು.

ದೀಪಾವಳಿ ಆದ ಮೇಲೆ ಮುಧೋಳ ಬಸ್ ಸ್ಟ್ಯಾಂಡಿನಲ್ಲಿ ನನ್ನ ಕೈಗೆ 'ಬಾವಡಿ' ಕಾದಂಬರಿಯ ಏಳನೆಯ ಭಾಗ ಕೊಟ್ಟೆಯಲ್ಲ, "ಅಣ್ಣಾ, ನೀ ಓದಬೇಕು. ನಾ ಓಡಿ ಬಂದ ಮ್ಯಾಲ ಓಣ್ಯಾಗ ಓದೋರಿಲ್ಲ" ಎಂದೆ. ನಾನು ನಕ್ಕೆ. "ಹನ್ನೊಂದನೇ ಅಧ್ಯಾಯ ಓದೂ ದಿನ ಅವ್ವ ಅಲ್ಲಿರೂವಂಗ ನೋಡ್ಕೊ. ಮರೀಬ್ಯಾಡ" ಎಂದು ಎರಡು ಸಲ ಹೇಳಿದೆ. ಯಾಕೆ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ನೀನು ಹೇಳುತ್ತಿದ್ದೆ. ನನಗೆ ಆಗ ಬಸ್ಸಿನ ಅವಸರ, ಚೀಲದಲ್ಲಿ ಇನ್ನೂರು ಕರಪತ್ರಗಳ ಭಾರ.

ಆ ಪುಸ್ತಕಗಳ ಮೇಲೆ ನನಗೆ ಎಷ್ಟು ಸಿಟ್ಟಿತ್ತು ಎನ್ನುವುದು ನಿನಗೆ ಗೊತ್ತು. ಧಾರವಾಡದ ಇಂದುಮತಿ ಎಂಬ ಶಾಲೆಯ ಶಿಕ್ಷಕಿ, ವಿಜಾಪುರದ ಹಾಳು ಬಾವಡಿಯ, ಆ ದೊಡ್ಡ ಬಾವಿಯ, ಮೆಟ್ಟಿಲು ಇಳಿದು ಮುನ್ನೂರೈವತ್ತು ವರ್ಷ ಹಿಂದಕ್ಕೆ ಹೋಗುವುದು, ಅಲ್ಲಿ ಬಾದಶಹನ ಕಾರಂಜಿಗಳನ್ನು ಕಟ್ಟುವವನನ್ನು ಮದುವೆಯಾಗುವುದು, ಮೇಲೆ ಬರುವುದು, ಮತ್ತೆ ಇಳಿಯುವುದು! ನೀನು ಓಣಿಯವರಿಗೆ ಆರು ಭಾಗ ಓದಿ ಹೇಳುವಾಗಲೂ ನಾನು ಹೇಳುತ್ತಿದ್ದೆ: ಇಂದುಮತಿ ಬಾವಡಿ ಹತ್ತಿದಳೋ ಇಳಿದಳೋ ಎಂದು ಕಣ್ಣೀರು ಹಾಕುವ ಇವರು, ನಮ್ಮ ಓಣಿಗೆ ಎಂಟು ದಿನಕ್ಕೊಮ್ಮೆ ನೀರು ಬಂದರೂ ಪುರಸಭೆಗೆ ಒಬ್ಬರೂ ಬರುವುದಿಲ್ಲ. ಅದಕ್ಕೆ ನೀನು, "ನಿನ್ನ ಕರಪತ್ರದಾಗ ಯಾರರೆ ಒಬ್ರು ಉಣ್ಣತಾರೇನೊ? ಅಳತಾರೇನೊ? ಹಂಗಿದ್ರ ಅದನ್ನೂ ಓದತೀನಿ ತಾ" ಎಂದಿದ್ದೆ.

ಓದು ಶುರು ಮಾಡಿದೆ. ನೀನು ಓದುತ್ತಿದ್ದ ಜಾಗದಲ್ಲೇ, ನಿನ್ನ ಅವ್ವ, ನಮ್ಮ ಬೋರವ್ವ ಕಾಕುನ ಮನೆಯ ಮುಂದೆ, ಬೇವಿನ ಗಿಡದ ಕೆಳಗೆ. ಕರೆಂಟ್ ಹೋಗಿ ಓಣಿಯ ಮಗ್ಗಗಳೆಲ್ಲ ಒಮ್ಮೆಗೇ ನಿಂತಾಗ ಆಗುತ್ತದಲ್ಲ ಆ ಮೌನ, ಅದರಲ್ಲಿ ಹೆಂಗಸರು ರಾಟಿ ಎತ್ತಿಕೊಂಡು ಬಂದು ಕಂಡಿಕೆಗೆ ನೂಲು ಸುತ್ತುತ್ತ ಕೂತರು. ಮೊದಲ ದಿನವೇ ತಾರವ್ವ ಆಯಿ ಅಂದಳು, "ಎಪ್ಪಾ, ನೀ ಓದೂದು ಕೇಳಿದ್ರ ಇಂದುಮತಿ ಎಲೆಕ್ಷನ್ನಿಗೆ ನಿಂತಂಗ ಅನಸ್ತೈತಿ. ಸಾವಕಾಶ ಓದೊ, ಆಕಿ ಗಂಡನ ಕೂಡ ಮಾತಾಡಾಕತ್ತಾಳ, ಮಂದಿ ಕೂಡ ಅಲ್ಲ."

ಎಲ್ಲರೂ ನಕ್ಕರು. ನಿನ್ನ ಅವ್ವ ನಗಲಿಲ್ಲ. ನೀನು ಹೋದ ಮೇಲೆ ಕಾಕು ಓಣಿಯವರ ನಡುವೆ ಬಂದು ಕೂತದ್ದೇ ಅದು ಮೊದಲ ಸಲ. ಎಲ್ಲರಿಗಿಂತ ಹಿಂದೆ, ತನ್ನ ಬಾಗಿಲಿಗೆ ಬೆನ್ನು ಹಚ್ಚಿ ಕೂತಿದ್ದಳು. ನಿನ್ನ ಹೆಸರು ಯಾರೂ ಎತ್ತುತ್ತಿರಲಿಲ್ಲ. ಆದರೆ ನಾನು ಓದುವಾಗ ತಪ್ಪಿದರೆ, "ಅದು ಹಂಗಲ್ಲ, ಸಾಲ ಹಾರಿಸೀದಿ ನೋಡು" ಎಂದು ಕಾಕುನೇ ಹೇಳುತ್ತಿದ್ದಳು. ಅಕ್ಷರ ಬಾರದವಳಿಗೆ ಸಾಲು ಹಾರಿದ್ದು ಹೇಗೆ ತಿಳಿಯುತ್ತಿತ್ತೋ! ನೀನು ಆರು ಭಾಗ ಓದಿದ ಧಾಟಿ ಅವಳ ಕಿವಿಯಲ್ಲಿ ಹಾಗೇ ಕೂತಿತ್ತು.

ತಾರವ್ವ ಆಯಿಯ ಗಂಟಿನ ರೂಢಿ ನೆನಪಿದೆಯಲ್ಲ. ಅಧ್ಯಾಯ ಶುರುವಾಗುವ ಮೊದಲು ಮನಸ್ಸಿನಲ್ಲಿ ಒಂದು ಮಾತು ನೆನೆದು, ಸೆರಗಿನ ಅಂಚಿಗೆ ತುಂಡು ನೂಲಿನ ಗಂಟು ಹಾಕುವುದು. ಅಧ್ಯಾಯ ಒಳ್ಳೆಯದಾಗಿ ಮುಗಿದರೆ ಬಿಚ್ಚುವುದು, ಇಲ್ಲವಾದರೆ ಹಾಗೇ ಬಿಡುವುದು. ಇಂದುಮತಿ ಕೋಟೆಯಿಂದ ಪಾರಾದ ದಿನ ಆಯಿಯ ಮೊಮ್ಮಗಳು ಪ್ರತಿಮಾ ಒಂಬತ್ತನೆಯ ಇಯತ್ತೆ ಪಾಸಾದಳೆಂದು ಓಣಿಗೆಲ್ಲ ಸಕ್ಕರೆ ಹಂಚಿದ್ದರು. ಇಂಥ ಮೂಢನಂಬಿಕೆಯ ಮೇಲೆ ನಾನು ಒಂದು ಕರಪತ್ರವನ್ನೇ ಬರೆದವನು. ಅದಕ್ಕೇ ಯಾರು ಯಾವಾಗ ಗಂಟು ಹಾಕುತ್ತಾರೆ ಎಂದು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ.

ಹನ್ನೊಂದನೆಯ ಅಧ್ಯಾಯವನ್ನು ಓದುವ ಹಿಂದಿನ ದಿನ ನಾನೊಬ್ಬನೇ ಓದಿದೆ. ಒಮ್ಮೆ, ಅವಸರದಲ್ಲಿ, ಹಲ್ಲು ಕಚ್ಚಿಕೊಂಡು. ನಾಲ್ಕು ವರ್ಷದ ಮೇಲೆ ಇಂದುಮತಿ ಬಸುರಿಯಾಗಿ ಬಾವಡಿ ಹತ್ತಿ ಬರುತ್ತಾಳೆ. ಅವಳನ್ನು ಸತ್ತಳೆಂದು ಕೆಲವರು, ಓಡಿಹೋದಳೆಂದು ಕೆಲವರು ಆಡಿಕೊಂಡಿದ್ದಾರೆ. ತವರಿನ ಬಾಗಿಲಲ್ಲಿ ನಿಂತು ಅಳುತ್ತಾಳೆ, ಬೇಡುತ್ತಾಳೆ. ತಾಯಿ ತೆರೆಯುತ್ತಾಳೆ. ನನಗೆ ಮೈಯೆಲ್ಲ ಉರಿಯಿತು. ಮುನ್ನೂರೈವತ್ತು ವರ್ಷ ದಾಟಿ ಬಂದ ಹೆಣ್ಣು ಒಂದು ಹೊಸ್ತಿಲಿಗೆ ಹಣೆ ಹಚ್ಚಬೇಕೆ? ಇದನ್ನು ಕೇಳಿ ನಮ್ಮ ಹೆಂಗಸರು ಏನು ಕಲಿಯಬೇಕು?

ಆ ಸಿಟ್ಟಿನಲ್ಲೇ ಒಂದು ನೋಟ್‌ಬುಕ್ಕಿನಲ್ಲಿ ನನ್ನ ಹನ್ನೊಂದನೆಯ ಅಧ್ಯಾಯ ಬರೆದೆ. ತಾಯಿ ಬಾಗಿಲು ತೆರೆಯುವುದಿಲ್ಲ. ಇಂದುಮತಿ ಕಣ್ಣೊರೆಸಿಕೊಂಡು, 'ನನ್ನನ್ನು ಒಳಗೆ ಕರೆಯದ ಮನೆಗೆ ನಾನೂ ಹೊರಗಿನವಳಲ್ಲ, ಆ ಮನೆಯೇ ನನಗೆ ಹೊರಗು' ಎಂದು ಹೇಳಿ, ತಲೆ ಎತ್ತಿ ಬಾವಡಿಗೆ ತಿರುಗಿ ಹೋಗುತ್ತಾಳೆ. ಈ ಸಾಲು ಬರೆದು ನಾನೇ ಎದ್ದು ಅಡ್ಡಾಡಿದೆ, ಅಷ್ಟು ಖುಷಿಯಾಗಿತ್ತು. ಈಗ ಓದಿದರೆ ಆ ಸಾಲಿಗೆ ನೆಟ್ಟಗೆ ಅರ್ಥವೂ ಇಲ್ಲ.

ಮರುದಿನ ನೋಟ್‌ಬುಕ್ಕನ್ನು ಪುಸ್ತಕದೊಳಗೆ ಇಟ್ಟುಕೊಂಡು ಓದಿದೆ. ಅವತ್ತಿನಷ್ಟು ಛಲೋ ನಾನು ಯಾವತ್ತೂ ಓದಿರಲಿಲ್ಲ ನೇತ್ರಾ. ರಾಟಿಗಳೆಲ್ಲ ನಿಂತವು. ಓದಿ ಮುಗಿಸಿದಾಗ ಹಿಂದಿನಿಂದ ಕಾಕುನ ದನಿ ಬಂತು.

"ತಗೀಲೇ ಇಲ್ಲ?"

"ಇಲ್ಲ ಕಾಕು."

"ಮತ್ತ ಹೊರಳಿ ಬಂದು ಬಡೀಲಿಲ್ಲ?"

"ಬಡೀಲಿಲ್ಲ. ಹೋಗಿಬಿಟ್ಲು."

"ಹಂಗಾದ್ರ ಆತು ಬಿಡು" ಎಂದು ಕಾಕು ಎದ್ದು ಒಳಗೆ ಹೋದಳು. ಅವಳ ಸೆರಗಿನ ತುದಿಯಲ್ಲಿ ಕೆಂಪು ನೂಲಿನ ಗಂಟಿತ್ತು. ಬಿಚ್ಚಲಿಲ್ಲ.

ನಾನು ಅದನ್ನು ನೋಡಿದೆ. ನೋಡಿಯೂ ನನ್ನ ಓದಿನ ಗುಂಗಿನಲ್ಲೇ ಇದ್ದೆ. ಕೇಳಿದವರೆಲ್ಲ ಇಂದುಮತಿಯ ಕಡೆ ನಿಂತು ಆ ತಾಯಿಯ ಮೇಲೆ ಸಿಟ್ಟಾಗುತ್ತಾರೆ ಎಂದೇ ನನ್ನ ಲೆಕ್ಕ. ಕರಪತ್ರ ಬರೆಯುವವನಿಗೆ ಓದುವವರು ಎಲ್ಲಿ ನಿಂತಿರಬೇಕು ಎನ್ನುವುದು ಮೊದಲೇ ಗೊತ್ತಿರುತ್ತದೆ. ಕತೆ ಕೇಳುವವರು ತಮ್ಮ ಜಾಗ ತಾವೇ ಹುಡುಕಿಕೊಳ್ಳುತ್ತಾರೆ ಎನ್ನುವುದು ನನಗೆ ತಿಳಿದಿರಲಿಲ್ಲ. ಕಾಕು ಬಾಗಿಲಿನ ಹೊರಗೆ ನಿಂತು ಕೇಳಲಿಲ್ಲ. ಒಳಗೆ ನಿಂತು ಕೇಳಿದಳು.

ಕರೆಂಟ್ ಬಂತು. ನಾಳೆ ಮುಂದುವರಿಸುತ್ತೇನೆ.

ಮಂಗಳವಾರ

ಅದಾದ ಎರಡೇ ವಾರಕ್ಕೆ ನೀನು ಬಂದೆ. ಜನವರಿ ಇಪ್ಪತ್ತೈದು, ಭಾನುವಾರ. ಅವತ್ತು ಗಾಳಿ ಜೋರಾಗಿ ಧೂಳೇಳುತ್ತಿತ್ತು, ಹಾಗಾಗಿ ಓದು ಕಾಕುನ ಪಡಸಾಲೆಯಲ್ಲಿ ನಡೆದಿತ್ತು. ಬಾಗಿಲು ಮುಂದೆ ಮಾಡಿದ್ದರು, ಚಿಲಕ ಹಾಕಿರಲಿಲ್ಲ. ತಾರವ್ವ ಆಯಿ ಕಿಟಕಿಯಿಂದ ನೋಡಿ, "ಬೋರವ್ವಾ, ನಿನ್ನ ಮಗಳು ಬರಾಕತ್ತಾಳ ಬೇ... ಹೊಟ್ಟಿ ನೋಡ ಎಷ್ಟ ಮುಂದ ಬಂದೈತಿ" ಎಂದಳು. ಕಾಕು ಎದ್ದು ಹೋಗಿ ಚಿಲಕ ಹಾಕಿದಳು. ನೀನು ಬಡಿದೆ. ಕರೆದೆ. ಉಳಿದದ್ದು ನಿನಗೆ ಗೊತ್ತು. ನಾನೂ ಒಳಗೇ ಇದ್ದೆ. ಅವತ್ತಿನ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ಈಗ ಕೈ ಬರುತ್ತಿಲ್ಲ.

ಒಂದು ವಾರಕ್ಕೆ ನಿನ್ನ ಕಾಗದ ಬಂತು. 'ಅಣ್ಣಾ, ಹನ್ನೊಂದನೆಯ ಅಧ್ಯಾಯ ಕೇಳಿಯೂ ಅವ್ವ ಬಾಗಿಲು ತೆರೆಯಲಿಲ್ಲ ಎಂದರೆ ನನಗೆ ಹೇಳುವುದು ಇನ್ನೇನೂ ಉಳಿದಿಲ್ಲ. ನಾನು ಬಾಯಿಬಿಟ್ಟು ಕೇಳಲಾಗದ್ದನ್ನು ಅದು ಕೇಳುತ್ತದೆ ಎಂದುಕೊಂಡಿದ್ದೆ. ಎಂಟನೆಯ ಭಾಗ ಬಂದರೂ ನನಗೆ ಕಳಿಸಬೇಡ.' ಅದನ್ನು ಮಗ್ಗದ ಮುಂದೆ ನಿಂತೇ ಓದಿದೆ. ಮಗ್ಗ ನಡೆದೇ ಇತ್ತು. ಎಳೆ ಹರಿದದ್ದು ನೋಡದೆ ಒಂದು ಮಾರು ಬಟ್ಟೆ ಕೆಟ್ಟಿತು. ಮಾಲಕರು ಬೈದರು. ಅವರು ಬೈದದ್ದು ಬಟ್ಟೆಗೆ. ಅದನ್ನೇ ಇನ್ನಷ್ಟು ಹೊತ್ತು ಬೈಯಲಿ ಅನ್ನಿಸಿತು.

ಹಾಗಾದರೆ ಓಡಿಹೋಗಿ ಕಾಕುಗೆ ಸರಿಯಾದ ಅಧ್ಯಾಯ ಓದಿ ಹೇಳಬಹುದಿತ್ತಲ್ಲ ಎಂದು ನೀನು ಕೇಳುತ್ತಿ. ಅಲ್ಲೇ ನನ್ನ ಎರಡನೆಯ ತಪ್ಪು. ನೀನು ಬಂದು ಹೋದ ದಿನವೇ ಪ್ರತಿಮಾ ನನ್ನಲ್ಲಿಗೆ ಬಂದು, "ಅರುಣಮಾಮಾ, ಆ ಪುಸ್ತಕ ಎರಡ ದಿನ ಕೊಡ್ರಿ, ನಾನ ಓದತೀನಿ" ಎಂದಿದ್ದಳು. ಅವಳು ಓದಿದರೆ ನಾನು ಸಿಕ್ಕಿಬೀಳುತ್ತೇನೆ. ಹನ್ನೊಂದನೆಯ ಅಧ್ಯಾಯದ ಹನ್ನೆರಡು ಪುಟಗಳನ್ನು ಬ್ಲೇಡಿನಿಂದ ಕತ್ತರಿಸಿ, ನೂಲಿಗೆ ಗಂಜಿ ಕುದಿಸುವ ಒಲೆಗೆ ಹಾಕಿದೆ. "ಪುಟ ಬಿದ್ದುಹೋಗಿವೆ" ಎಂದು ಹೇಳಿ ಪುಸ್ತಕ ಕೊಟ್ಟೆ. ಸತ್ಯವೇ ಹೇಳುತ್ತೇನೆ ಎಂದು ಓಣಿಯಲ್ಲಿ ಎದೆ ತಟ್ಟಿಕೊಳ್ಳುತ್ತಿದ್ದವನು ನಾನೇ.

ನಿನ್ನ ಕಾಗದ ಬಂದ ಮೇಲೆ ಇನ್ನೊಂದು ಪ್ರತಿಗಾಗಿ ಹುಡುಕಾಡಿದೆ. ಜಮಖಂಡಿ ಬಸ್ ಸ್ಟ್ಯಾಂಡಿನ ಪುಸ್ತಕದಂಗಡಿಯ ಶಿವಯೋಗೆಪ್ಪನವರನ್ನು ಕೇಳಿದೆ. ಅವರು ಕನ್ನಡಕ ಏರಿಸಿ ನನ್ನನ್ನು ನೋಡಿದರು. "ಏನಪಾ ಕ್ರಾಂತಿಕಾರಿ, ನೀನೂ ಬಾವಡಿಗೆ ಬಿದ್ದಿ?" ಎಂದರು. ನಗು ಬರಲಿಲ್ಲ. "ಏಳನೇದು ಬಂದದ್ದ ಹತ್ತು ಪ್ರತಿ ತಮ್ಮಾ. ಹತ್ತೂ ಹೆಣ್ಮಕ್ಕಳು ಒಯ್ದ್ರು. ಒಬ್ಬಾಕಿನೂ ಮಾರಾಕ ತರೂದುಲ್ಲ. ನಿನ್ನ ಕರಪತ್ರ ನೋಡು, ಇಟ್ಟಲ್ಲೇ ಕುಂತಾವ." ಮುಧೋಳದ ಗ್ರಂಥಾಲಯದಲ್ಲಿ ಇತ್ತಂತೆ, ಒಯ್ದ ಶಿಕ್ಷಕಿಗೆ ವರ್ಗವಾಗಿ, ಪುಸ್ತಕವೂ ಅವರ ಜೊತೆ ಹೋಗಿದೆ. ಪ್ರಕಾಶಕರಿಗೆ ಬರೆದೆ. ಎಂಟನೆಯ ಭಾಗ ಬಂದ ಮೇಲೆ ಏಳರ ಮರುಮುದ್ರಣ, ಬಹುಶಃ ಜೂನ್ ಎಂದು ಕಾರ್ಡು ಬಂತು. ಜೂನ್ ತನಕ ನಿನ್ನ ಹೊಟ್ಟೆಯಲ್ಲಿರುವುದು ಕಾಯುತ್ತದೆಯೇ?

ಹೋದ ಶುಕ್ರವಾರ ಕಾಕುನ ಮುಂದೆ ಹೋಗಿ ಕೂತು ಎಲ್ಲ ಹೇಳಿದೆ. ತಾರವ್ವ ಆಯಿಯೂ ಇದ್ದಳು. ಕಾಕು ರಾಟಿ ನಿಲ್ಲಿಸಲಿಲ್ಲ.

"ಕಾಕು, ನಾ ಓದಿದ್ದು ಸುಳ್ಳು. ಪುಸ್ತಕದಾಗ ಆ ಅವ್ವ ಬಾಗಲಾ ತಗೀತಾಳ."

"ನಿನಗ ಯಾರ ಹೇಳ್ಯಾರ ಬಂದು ಇದನ್ನ ಹೇಳಂತ? ನೇತ್ರಾ ಕಾಗದ ಬರದಾಳೇನು?"

"ಯಾರೂ ಹೇಳಿಲ್ಲ. ನಾನ ಬದಲ ಮಾಡಿದ್ದೆ."

"ಎಲ್ಲಿ, ಓದು."

"ಆ ಪುಟ... ಸುಟ್ಟೀನಿ."

ತಾರವ್ವ ಆಯಿ ಹಣೆ ಬಡಿದುಕೊಂಡಳು. "ಅಯ್ಯ ಶಾಣ್ಯಾ! ಮೂಢನಂಬಿಕಿ ಬಿಡ್ರಿ ಅಂತ ಊರ ತುಂಬ ಕಾಗದ ಹಂಚಿ, ನೀನ ಪುಸ್ತಕಕ್ಕ ಹೆದರಿದ್ಯೇನೊ?"

ಕಾಕು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. "ಬಾಯ್ಲೇ ಹೇಳು ಹಂಗಾದ್ರ. ಹೆಂಗ ತಗದ್ಲು?" ಎಂದಳು.

ಹೇಳಿದೆ. ಎರಡು ಕದದಲ್ಲಿ ಒಂದೇ ಕದ ತೆರೆಯುತ್ತಾಳೆ. ಮೊದಲು ಕೈ ಚಾಚಿ ಮಗಳ ಚೀಲ ಒಳಗೆ ತೆಗೆದುಕೊಳ್ಳುತ್ತಾಳೆ. ಆಮೇಲೆ ಏನೋ ಒಂದು ಮಾತು ಅನ್ನುತ್ತಾಳೆ. ಆ ಮೇಲೆ ಮಗಳು ಒಳಗೆ ಬರುತ್ತಾಳೆ.

"ಏನಂದ್ಲು?"

"ನೆನಪಿಲ್ಲ ಕಾಕು. ಒಂದ ಮಾತು. ಸಣ್ಣದು."

ರಾಟಿ ಆಗ ನಿಂತಿತು. "ಬಾಗಲಾ ತಗದಾಕಿ ಏನಂದ್ಲು ಅಂತ ಗೊತ್ತಿಲ್ಲ, ಆದ್ರ ತಗದ್ಲು ಅಂತಿ. ತಗೀಲಿಲ್ಲ ಅಂತ ಓದಿದ ದಿನ ಒಂದ ಮಾತೂ ತಡವರಿಸಲಿಲ್ಲ ನೀನು. ಹರಿಯೂ ನೀರಿನಂಗ ಓದಿದಿ. ಯಾವುದನ್ನ ಖರೆ ಅನ್ಲಿ ನಾನು?"

ನಾನು ಏನೇನೋ ಹೇಳಿದೆ. ಆಣೆ ಮಾಡಿದೆ, ಆಣೆ ಎನ್ನುವುದನ್ನು ನಂಬದವನು ಆಣೆ ಮಾಡಿದೆ. ನೋಟ್‌ಬುಕ್ಕು ತಂದು ತೋರಿಸಿದೆ. ಅದನ್ನು ತಲೆಕೆಳಗಾಗಿ ಹಿಡಿದು ನೋಡಿ ಹಿಂದಕ್ಕೆ ಕೊಟ್ಟಳು. "ಇದ್ರಾಗ ಏನ ಬರದೈತಿ ಅಂತ ಹೇಳಾಂವನೂ ನೀನ ಅಲ್ಲ?" ಎಂದಳು. ಪ್ರತಿಮಾಳನ್ನು ಕರೆದು ಓದಿಸಿದರೂ ಅದು ನಾನು ಬರೆದ ಸುಳ್ಳನ್ನು ತೋರಿಸೀತು, ಸುಟ್ಟ ಖರೆಯನ್ನು ತೋರಿಸುವುದಿಲ್ಲ.

ನನ್ನ ಪೆಟ್ಟಿಗೆಯಲ್ಲಿ ಎಂಟು ವರ್ಷದ ಕರಪತ್ರಗಳಿವೆ ನೇತ್ರಾ. ನೀನು ದುರಗೇಶನನ್ನು ಮೆಚ್ಚಿದಾಗ ಅವುಗಳನ್ನೇ ಓದಿ ನಿನಗೆ ಧೈರ್ಯ ಹೇಳಿದ್ದೆ. ರಿಜಿಸ್ಟ್ರಾರರ ಮುಂದೆ ಸಾಕ್ಷಿಯಾಗಿ ಸಹಿ ಹಾಕಿ, ಜಾತಿ ಮುರಿಯಿತು ಎಂದು ಬೀಗಿದ್ದೆ. ಮನೆ ಬಿಟ್ಟು ಹೊರಡುವುದು ಹೇಗೆ ಎಂದು ಅವುಗಳಲ್ಲಿ ಬರೆದಿದೆ. ಮರಳಿ ಬರುವುದು ಹೇಗೆ ಎಂದು ಎಲ್ಲಿಯೂ ಇಲ್ಲ. ಶುಕ್ರವಾರ ಸಂಜೆ ಎಲ್ಲವನ್ನೂ ನೆಲದ ಮೇಲೆ ಹರಡಿಕೊಂಡು ಹುಡುಕಿದೆ, ನಿಜವಾಗಿ ಹುಡುಕಿದೆ.

ಆದರೆ ಏಳುವಾಗ ನಡೆದ ಮಾತು ನಿನಗೆ ತಿಳಿಸಲೇಬೇಕು. ತಾರವ್ವ ಆಯಿ ಅಂದಳು, "ಓದಿದಾಕಿನ್ನ ಕರಸ್ರಿ. ನೇತ್ರಾ ಮೊದಲ ಓದಿ ಆಮ್ಯಾಲ ಕಳಿಸ್ಯಾಳಂತಲ್ಲ. ಆಕಿಗೆ ಒಂದ ಸಲ ಓದಿದ್ದು ಬಾಯಿಪಾಠ. ಆಕಿ ಹೇಳ್ಲಿ ಆ ಅವ್ವ ಏನಂದ್ಲಂತ."

ಕಾಕು ರಾಟಿಯಿಂದ ಕಂಡಿಕೆ ತೆಗೆದು ಬುಟ್ಟಿಗೆ ಹಾಕಿದಳು. ಆಮೇಲೆ ನನ್ನ ಕಡೆ ನೋಡದೆ ಅಂದಳು, "ನಾ ಯಾರನ್ನೂ ಮನಿಗೆ ಕರಿಯೂದುಲ್ಲ. ಮಗಳಾಗಿ ಬರಬ್ಯಾಡಂತ ಹೇಳು. ಓದಾಕಿ ಆಗಿ ಬರೂದಾದ್ರ ಬೇವಿನ ಗಿಡದ ಬುಡ ನನ್ನದೇನಲ್ಲ, ಓಣಿದು."

ಅವಳ ಮಾತನ್ನು ಇದ್ದಂತೆ ಬರೆದಿದ್ದೇನೆ. ಒಂದು ಅಕ್ಷರ ಕೂಡಿಸಿಲ್ಲ, ಕಳೆದಿಲ್ಲ. ಇದರ ಅರ್ಥ ಇದು ಎಂದು ಹೇಳುವುದಿಲ್ಲ. ಅರ್ಥ ಹೇಳಲು ಹೋಗಿಯೇ ಇಷ್ಟೆಲ್ಲ ಆಯಿತು. ತಾರವ್ವ ಆಯಿ ನನ್ನ ಕಿವಿಯಲ್ಲಿ ಹೇಳಿದ್ದನ್ನೂ ಬರೆಯುತ್ತೇನೆ. ಹೋದ ಸಂತೆಯಲ್ಲಿ ಕಾಕು ಅರ್ಧ ಕಿಲೋ ಉಂಡಿಯ ಅಂಟು, ಎರಡು ಗಿಟಕು ಕೊಬ್ಬರಿ ತಂದು ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟಿದ್ದಾಳಂತೆ. ಬಾಣಂತಿಯಿಲ್ಲದ ಮನೆಯಲ್ಲಿ ಅಂಟಿನುಂಡಿ ಯಾರಿಗೆ ಎಂದು ಆಯಿ ಕೇಳಿದ್ದಕ್ಕೆ, "ನನ್ನ ಸೊಂಟಾ ನೋಯತೈತಿ, ನಾ ತಿನ್ನತೀನಿ, ನಿನಗೇನ?" ಎಂದು ಜಗಳಕ್ಕೆ ಬಂದಳಂತೆ. ಕೆಂಪು ನೂಲಿನ ಗಂಟು ಇನ್ನೂ ಸೆರಗಿನಲ್ಲೇ ಇದೆ. ಸೀರೆ ಬದಲಿಸಿದಾಗ ಬಿಚ್ಚಿ ಮತ್ತೊಂದಕ್ಕೆ ಕಟ್ಟಿಕೊಳ್ಳುತ್ತಾಳೆ.

ನೀನು ಬಂದರೆ ಬಾಗಿಲು ತೆರೆಯುತ್ತದೆ ಎಂದು ನಾನು ಮಾತು ಕೊಡಲಾರೆ. ಕೊಡುವ ಹಕ್ಕೂ ನನಗಿಲ್ಲ. ಆ ಒಂದು ಮಾತನ್ನು ಕಾಗದದಲ್ಲಿ ಬರೆದು ಕಳಿಸು ಎನ್ನೋಣವೆಂದರೆ ಅದನ್ನು ಓದಿ ಹೇಳುವವನು ಮತ್ತೆ ನಾನೇ. ನಿನ್ನ ದನಿಯಲ್ಲಿ ಕೇಳಿದರೆ ಮಾತ್ರ ಕಾಕು ನಂಬುತ್ತಾಳೆ. ಈ ಸ್ಥಿತಿಯಲ್ಲಿ ನಿನ್ನನ್ನು ಬಸ್ಸಿನಲ್ಲಿ ಬಾ ಎನ್ನುವುದೂ ತಪ್ಪು, ಬರಬೇಡ ಎನ್ನುವುದೂ ತಪ್ಪು. ಹುನ್ನೂರಿನ ಅಜಯನ ಜೀಪು ಭಾನುವಾರ ಬೀಳಗಿಗೆ ಬರುತ್ತದೆ, ಹನ್ನೊಂದಕ್ಕೆ ನಿಮ್ಮ ಕೇಂದ್ರದ ಮುಂದೆ ನಿಲ್ಲಿಸಲು ಹೇಳಿದ್ದೇನೆ. ಮುಂದಿನ ಸೀಟಿನಲ್ಲಿ ಕೂತು ಬಾ. ಮನಸ್ಸಿಲ್ಲದಿದ್ದರೆ ಅವನನ್ನು ಹಾಗೇ ಕಳಿಸು, ನಾನು ಏನೂ ಅನ್ನುವುದಿಲ್ಲ.

ದುರಗೇಶನಿಗೆ ನಾನು ಕೇಳಿದೆನೆಂದು ಹೇಳು. ಈ ಕಾಗದವನ್ನು ಅವನಿಗೂ ಓದಿ ತೋರಿಸು, ಇದ್ದಂತೆ. ನೀನೂ ನಿನ್ನ ಕೂಸೂ ಎರಡು ಜೀವವಾಗಿ ಬೇರೆಯಾಗಿ ಸುಖವಾಗಿರಿ. ಹರಸುವುದಕ್ಕೆ ನಾನು ದೇವರನ್ನು ನಂಬಿದವನಲ್ಲ. ಆದರೂ ಹರಸುತ್ತೇನೆ.

ನಿನ್ನ ಅಣ್ಣ,
ಅರುಣ

ತಾ.ಕ.: ಕಾಗದ ಮಡಚಿದ್ದೆ, ಮತ್ತೆ ಬಿಚ್ಚಿದೆ. ನೀನು ಬಂದ ದಿನದ ಒಂದು ಮಾತನ್ನು ಬಿಟ್ಟಿದ್ದೆ. ಅದನ್ನೂ ಬಿಟ್ಟರೆ ಇದು ನನ್ನ ಇನ್ನೊಂದು ಸುಳ್ಳು ಓದಾಗುತ್ತದೆ.

ನೀನು ಮೊದಲ ಸಲ ಬಡಿದು, "ಅವ್ವಾ, ನಾ ಅದೀನಿ" ಎಂದಾಗ ಕಾಕು ಬಾಗಿಲ ಹತ್ತಿರವೇ ನಿಂತಿದ್ದಳು. ಅವಳ ಕೈ ಚಿಲಕದ ಮೇಲಿತ್ತು. ಹಾಕಿದ ಚಿಲಕವನ್ನು ಅರ್ಧ ಸರಿಸಿದ್ದಳು. ಹೊರಳಿ ನನ್ನನ್ನು ನೋಡಿ, ನಿನಗೆ ಕೇಳದಷ್ಟು ಮೆಲ್ಲಗೆ ಕೇಳಿದಳು, "ಅರುಣಾ, ಪುಸ್ತಕದಾಗ ಆಕಿ ಖರೇನ ತಗೀಲಿಲ್ಲೇನೊ?" ಅದು ಪ್ರಶ್ನೆಯಾಗಿರಲಿಲ್ಲ ನೇತ್ರಾ. ತೆಗೆದಳು ಎಂದು ಹೇಳು ಎಂದು ಬೇಡುತ್ತಿದ್ದಳು. ನಾಲ್ಕು ಜನ ಹೆಂಗಸರು ನನ್ನ ಮುಖ ನೋಡುತ್ತಿದ್ದರು. ಈಗ ತೆಗೆದಳು ಎಂದರೆ ನಾನು ಸುಳ್ಳ ಎಂದು ಎಲ್ಲರಿಗೂ ಗೊತ್ತಾಗುತ್ತದೆ. ಪುಸ್ತಕ ನನ್ನ ತೊಡೆಯ ಮೇಲೇ ಇತ್ತು, ಪುಟಗಳಿನ್ನೂ ಅದರಲ್ಲೇ ಇದ್ದವು.

"ಇಲ್ಲ ಕಾಕು, ತಗೀಲಿಲ್ಲ" ಎಂದೆ.

ಚಿಲಕ ತಿರುಗಿ ಕೂತಿತು. ಆಮೇಲೆ ನೀನು ಮೂರು ಸಲ ಬಡಿದೆ. ನಾನು ಎಣಿಸಿದ್ದೇನೆ.

ಶುಕ್ರವಾರ ಕಾಕುಗೆ ಎಲ್ಲ ಹೇಳಿದಾಗ ಇದನ್ನು ನಾನು ಎತ್ತಲಿಲ್ಲ. ಅವಳೂ ಎತ್ತಲಿಲ್ಲ. ನನ್ನನ್ನು ನಂಬಿದರೆ ಅವಳು ಆ ಚಿಲಕವನ್ನೂ ನೆನೆಯಬೇಕಾಗುತ್ತದೆ. ಅದಕ್ಕೇ ನಂಬುವುದಿಲ್ಲವೇನೋ.

ಇದನ್ನು ಓದಿದ ಮೇಲೆ ನನ್ನ ಮುಖ ನೋಡಲು ನಿನಗೆ ಮನಸ್ಸಾಗದಿದ್ದರೆ ನೋಡಬೇಡ. ಕಾಕುಗಾಗಿ ಬಾ. ಭಾನುವಾರ, ಮಾರ್ಚ್ ಹದಿನಾಲ್ಕು. ಈ ವಾರ ಕರೆಂಟ್ ಮೂರಕ್ಕೆ ಹೋಗುತ್ತದೆ. ಎರಡೂವರೆಗೆ ನಾನು ಬೇವಿನ ಗಿಡದ ಕೆಳಗೆ, ಹನ್ನೆರಡು ಪುಟಗಳಿಲ್ಲದ ಪುಸ್ತಕ ಹಿಡಿದುಕೊಂಡು ನಿಂತಿರುತ್ತೇನೆ.